ಮುಂಬೈ ಇಂಡಿಯನ್ಸ್ 2026: ತಂಡ ಭರ್ತಿಯಾಯ್ತು, ಮಧ್ಯದ ಓವರ್ ಹಾಕೋರು ಯಾರು?

ಡೊಂಬಿವಲಿ_ಈಸ್ಟ್ (ಪ್ರಶ್ನೆ), 17 ಡಿಸೆಂಬರ್ 2025

ನಿನ್ನೆ ಅಬುಧಾಬಿಯಲ್ಲಿ ಐಪಿಎಲ್ ಹರಾಜು ಮುಗೀತು. ನಮ್ಮ ತಂಡದ 25 ಜಾಗವೂ ಭರ್ತಿ, ವಿದೇಶಿಯರ 8 ಜಾಗವೂ ಭರ್ತಿ, ಪರ್ಸ್‌ನಲ್ಲಿ (ಆಟಗಾರರಿಗೆ ಖರ್ಚು ಮಾಡಬಹುದಾದ ಮೊತ್ತದಲ್ಲಿ) ಉಳಿದದ್ದು 55 ಲಕ್ಷ. ಹರಾಜಿನಲ್ಲಿ ಬಂದವರು ಐದು ಜನ: ಕ್ವಿಂಟನ್ ಡಿ ಕಾಕ್ 1 ಕೋಟಿಗೆ; ದಾನಿಶ್ ಮಾಲೇವಾರ್, ಮೊಹಮ್ಮದ್ ಇಜಹಾರ್, ಅಥರ್ವ ಅಂಕೋಲೇಕರ್, ಮಯಾಂಕ್ ರಾವತ್ ತಲಾ 30 ಲಕ್ಷಕ್ಕೆ. ಅದಕ್ಕೆ ಮೊದಲೇ ಟ್ರೇಡ್‌ನಲ್ಲಿ (ತಂಡಗಳ ನಡುವಿನ ನೇರ ವ್ಯವಹಾರದಲ್ಲಿ) ಲಖನೌದಿಂದ ಶಾರ್ದೂಲ್ ಠಾಕೂರ್ (2 ಕೋಟಿ), ಗುಜರಾತ್‌ನಿಂದ ಶೆರ್ಫೇನ್ ರುದರ್‌ಫೋರ್ಡ್ (2.60 ಕೋಟಿ), ಕೋಲ್ಕತ್ತದಿಂದ ಲೆಗ್ ಸ್ಪಿನ್ನರ್ ಮಯಾಂಕ್ ಮಾರ್ಕಂಡೆ (30 ಲಕ್ಷ) ಬಂದಿದ್ದರು. ಅರ್ಜುನ್ ತೆಂಡೂಲ್ಕರ್ ಲಖನೌಗೆ ಹೋದರು.

ನನ್ನ ಪ್ರಕಾರ ಅಸಲಿ ಕೆಲಸ ಆದದ್ದು ಟ್ರೇಡ್‌ನಲ್ಲೇ. ಆದರೂ ಒಂದು ಚಿಂತೆ ಉಳಿದಿದೆ. ಜೂನ್ 1ರ ಅಹಮದಾಬಾದ್ ಪಂದ್ಯ ನೆನಪಿಸಿಕೊಳ್ಳಿ. ಕ್ವಾಲಿಫೈಯರ್ 2ರಲ್ಲಿ ನಾವು 203 ಹೊಡೆದೆವು. ಮೊದಲು ಬ್ಯಾಟ್ ಮಾಡಿ 200 ದಾಟಿದ ಮೇಲೆ ಮುಂಬೈ ಅಲ್ಲಿಯವರೆಗೆ ಸೋತದ್ದೇ ಇರಲಿಲ್ಲ. ಪಂಜಾಬ್ 19 ಓವರ್‌ನಲ್ಲೇ ಮುಗಿಸಿತು. ಶ್ರೇಯಸ್ ಅಯ್ಯರ್ 41 ಎಸೆತದಲ್ಲಿ ಔಟಾಗದೆ 87. ಬೌಲಿಂಗ್ ಲೆಕ್ಕ ನೋಡಿ: ಬೂಮ್ರಾ 4 ಓವರ್ 40, ಅಶ್ವನಿ ಕುಮಾರ್ 4 ಓವರ್ 55, ಟಾಪ್ಲಿ 3 ಓವರ್ 40. ಸ್ಯಾಂಟ್ನರ್ 2 ಓವರ್‌ಗೆ ಬರೀ 15 ಕೊಟ್ಟಿದ್ದರು, ಮತ್ತೆ ಅವರ ಕೈಗೆ ಚೆಂಡೇ ಬರಲಿಲ್ಲ. ಇಡೀ ಇನ್ನಿಂಗ್ಸ್‌ನಲ್ಲಿ ಸ್ಪಿನ್ ಅಂತ ಬಿದ್ದದ್ದು ಎರಡೇ ಓವರ್.

ಆರು ತಿಂಗಳಲ್ಲಿ ಈ ಸಮಸ್ಯೆಗೆ ಪರಿಹಾರ ಸಿಕ್ಕಿದೆಯಾ? 7ರಿಂದ 16ನೇ ಓವರ್ ಯಾರ ಜವಾಬ್ದಾರಿ? ಹನ್ನೊಂದರಲ್ಲಿ ಆಡಬಹುದಾದ ನಾಲ್ಕು ವಿದೇಶಿಯರಾಗಿ ಯಾರನ್ನು ಆಡಿಸಬೇಕು? ತಿಳಿದವರು ವಿವರವಾಗಿ ಬರೆಯಿರಿ.


ಮಾಟುಂಗಾ_ಲೆಕ್ಕಿಗ

ಮೊದಲು ದುಡ್ಡಿನ ಲೆಕ್ಕ ಆಗಲಿ. ಇಲ್ಲದಿದ್ದರೆ "ಆ ಸ್ಪಿನ್ನರ್‌ನ ಯಾಕೆ ತಗೊಳ್ಳಲಿಲ್ಲ" ಅನ್ನೋ ಮಾತಿಗೆ ಕೊನೆಯೇ ಇರೋದಿಲ್ಲ.

ಈ ಸಲದ ಪರ್ಸ್ 125 ಕೋಟಿ. ಬೂಮ್ರಾ 18, ಸೂರ್ಯ 16.35, ಹಾರ್ದಿಕ್ 16.35, ರೋಹಿತ್ 16.30, ತಿಲಕ್ 8. ಈ ಐವರಿಗೇ 75 ಕೋಟಿ. ಮೇಲೆ ಬೋಲ್ಟ್ 12.50, ದೀಪಕ್ ಚಾಹರ್ 9.25, ವಿಲ್ ಜಾಕ್ಸ್ 5.25, ನಮನ್ ಧೀರ್ 5.25, ಘಜನ್‌ಫರ್ 4.80. ಈ ಹತ್ತು ಹೆಸರಿಗೆ 112.05 ಕೋಟಿ ಹೋಯಿತು. ಸ್ಯಾಂಟ್ನರ್ 2, ರಿಕಲ್ಟನ್ 1, ಬಾಷ್ 75 ಲಕ್ಷ, ಮಿಂಜ್ 65 ಲಕ್ಷ. ಅಶ್ವನಿ, ರಾಜ್ ಬಾವಾ, ರಘು ಶರ್ಮಾ ತಲಾ 30 ಲಕ್ಷ. ಟ್ರೇಡ್‌ನಲ್ಲಿ ಬಂದ ಮೂವರದ್ದು 4.90. ಒಟ್ಟು 122.25. ಹರಾಜಿಗೆ ತೆಗೆದುಕೊಂಡು ಹೋದದ್ದು 2.75 ಕೋಟಿ, ಹತ್ತೂ ತಂಡಗಳಲ್ಲಿ ಅತಿ ಕಡಿಮೆ. ಐದು ಜಾಗ ತುಂಬಲೇಬೇಕು ಅಂದುಕೊಂಡರೆ ನಾಲ್ಕು ಜಾಗಕ್ಕೆ 30 ಲಕ್ಷದಂತೆ 1.20 ತೆಗೆದಿಡಬೇಕು, ಐದನೆಯವರಿಗೆ ಹೆಚ್ಚೆಂದರೆ 1.55. ಅಷ್ಟರಲ್ಲಿ ಡಿ ಕಾಕ್ ಮೂಲಬೆಲೆಗೇ ಸಿಕ್ಕಿದ್ದು ದೊಡ್ಡ ಲಾಭ. ಕ್ಯಾಮರಾನ್ ಗ್ರೀನ್‌ಗೆ ಕೋಲ್ಕತ್ತ 25.20 ಕೋಟಿ ಸುರಿದ ದಿನವೇ ಇದೂ ಆದದ್ದು. (ಆ 25.20ರಲ್ಲಿ ಗ್ರೀನ್ ಕೈಗೆ ಬರೋದು 18 ಮಾತ್ರ. ಮಿನಿ ಹರಾಜಿನಲ್ಲಿ ವಿದೇಶಿಯರಿಗೆ ಅಷ್ಟೇ ಮಿತಿ, ಉಳಿದದ್ದು ಬಿಸಿಸಿಐನ ಆಟಗಾರರ ಕಲ್ಯಾಣ ನಿಧಿಗೆ. ಕೋಲ್ಕತ್ತದ ಪರ್ಸ್‌ನಿಂದ ಮಾತ್ರ ಪೂರ್ತಿ ಹೋಗುತ್ತೆ.)

ಮಾರ್ಕಂಡೆ ಮತ್ತು ರುದರ್‌ಫೋರ್ಡ್ ಬಗ್ಗೆ ಒಂದು ವಿಷಯ ಹೇಳಬೇಕು. 2019ರಲ್ಲಿ ಮುಂಬೈ ಇದೇ ಮಾರ್ಕಂಡೆಯನ್ನು ಡೆಲ್ಲಿಗೆ ಕೊಟ್ಟು ತಗೊಂಡಿದ್ದು ಇದೇ ರುದರ್‌ಫೋರ್ಡನ್ನು. ಈಗ ಇಬ್ಬರೂ ನಮ್ಮಲ್ಲೇ ಇದ್ದಾರೆ. ಇಬ್ಬರಿಗೂ ಸೇರಿ ಖರ್ಚು 2.90 ಕೋಟಿ.


ನಾರ್ತ್_ಸ್ಟ್ಯಾಂಡ್

ಲೆಕ್ಕಿಗರು ಕೊನೆಗೆ ಹೇಳಿದ ಜೋಡಿಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಇಂಪ್ಯಾಕ್ಟ್ ಪ್ಲೇಯರ್ ನಿಯಮ (ಪಂದ್ಯದ ಮಧ್ಯೆ ಒಬ್ಬರ ಬದಲು ಇನ್ನೊಬ್ಬರನ್ನು ಇಳಿಸೋ ಅವಕಾಶ) 2027ರವರೆಗೆ ಇದ್ದೇ ಇರುತ್ತೆ, ಹಾಗಾಗಿ ಹನ್ನೊಂದಲ್ಲ, ಹನ್ನೆರಡು ಜನರ ಲೆಕ್ಕ ಹಾಕಬೇಕು.

ನಿಯಮ ಸರಿಯಾಗಿ ಗೊತ್ತಿರಲಿ. ಟಾಸ್ ಆದ ಮೇಲೆ ಹನ್ನೊಂದರ ಜೊತೆ ಐದು ಬದಲಿಗಳ ಹೆಸರು ಕೊಡಬೇಕು. ನಾಯಕರು ಎರಡು ಪಟ್ಟಿ ಹಿಡಿದುಕೊಂಡೇ ಬರುತ್ತಾರೆ, ಬ್ಯಾಟಿಂಗ್ ಬಂದರೆ ಒಂದು, ಬೌಲಿಂಗ್ ಬಂದರೆ ಇನ್ನೊಂದು. ಹನ್ನೊಂದರಲ್ಲಿ ನಾಲ್ಕು ವಿದೇಶಿಯರಿದ್ದರೆ ಇಂಪ್ಯಾಕ್ಟ್ ಆಗಿ ಬರೋದು ಭಾರತೀಯನೇ ಆಗಬೇಕು. ಹೊರಗೆ ಹೋಗೋದು ವಿದೇಶಿಯೇ ಆದರೂ ಸರಿ. ಮೂವರೇ ಇದ್ದರೆ ಒಬ್ಬ ವಿದೇಶಿ ಬರಬಹುದು.

ನಾವು ಮೊದಲು ಬೌಲಿಂಗ್ ಮಾಡಿದರೆ: ರೋಹಿತ್, ರಿಕಲ್ಟನ್, ಸೂರ್ಯ, ತಿಲಕ್, ಹಾರ್ದಿಕ್, ನಮನ್, ಸ್ಯಾಂಟ್ನರ್, ಚಾಹರ್, ಮಾರ್ಕಂಡೆ, ಬೋಲ್ಟ್, ಬೂಮ್ರಾ. ವಿದೇಶಿಯರು ಮೂರೇ. ಬ್ಯಾಟಿಂಗ್‌ಗೆ ಬಂದಾಗ ಮಾರ್ಕಂಡೆ ಹೋಗಿ ರುದರ್‌ಫೋರ್ಡ್ ಬರಲಿ. ಮೊದಲು ಬ್ಯಾಟಿಂಗ್ ಬಂದರೆ ರುದರ್‌ಫೋರ್ಡ್ ಹನ್ನೊಂದರಲ್ಲೇ ಇರಲಿ, ವಿದೇಶಿಯರು ನಾಲ್ಕು ಆಗ್ತಾರೆ. ಇನ್ನಿಂಗ್ಸ್ ಮುಗಿದ ಮೇಲೆ ಮಾರ್ಕಂಡೆ ಒಳಗೆ. ಎರಡೂ ಸಲ ಬೌಲಿಂಗ್‌ಗೆ ಆರು ಜನ, ಬ್ಯಾಟಿಂಗ್‌ಗೆ ಎಂಟನೇ ಕ್ರಮಾಂಕದವರೆಗೆ ಆಳ.

ಓವರ್ ಹಂಚಿಕೆ ಹೀಗೆ ಮಾಡಬಹುದು. ಪವರ್‌ಪ್ಲೇಯಲ್ಲಿ (ಮೊದಲ ಆರು ಓವರ್) ಬೋಲ್ಟ್ 3, ಚಾಹರ್ 2, ಬೂಮ್ರಾ 1. ಏಳರಿಂದ ಹದಿನಾರರವರೆಗೆ ಸ್ಯಾಂಟ್ನರ್ 4, ಮಾರ್ಕಂಡೆ 4, ಬೂಮ್ರಾ 1, ಹಾರ್ದಿಕ್ 1. ಕೊನೆಯ ನಾಲ್ಕರಲ್ಲಿ ಬೂಮ್ರಾ 2, ಬೋಲ್ಟ್ 1, ಹಾರ್ದಿಕ್ 1.

ಇದು ಬರೀ ಕಾಗದದ ಮೇಲಿನ ಮಾತು ಅನ್ನಿಸಿದರೆ 2025ರ ಏಪ್ರಿಲ್ 13ರ ಡೆಲ್ಲಿ ಪಂದ್ಯ ಮತ್ತೊಮ್ಮೆ ನೋಡಿ. 206ರ ಬೆನ್ನಟ್ಟಿದ ಡೆಲ್ಲಿಗೆ ನಮ್ಮ ಕರ್ನಾಟಕದ ಕರುಣ್ ನಾಯರ್ 40 ಎಸೆತದಲ್ಲಿ 89 ಹೊಡೆದು ಪಂದ್ಯವನ್ನೇ ಕಿತ್ತುಕೊಂಡಿದ್ದರು, ಬೂಮ್ರಾನನ್ನೂ ಬಿಟ್ಟಿರಲಿಲ್ಲ. ಸ್ಯಾಂಟ್ನರ್ ಅವರನ್ನು ಬೌಲ್ಡ್ ಮಾಡಿದರು. ರೋಹಿತ್ ಬದಲಿಗೆ ಇಂಪ್ಯಾಕ್ಟ್ ಆಗಿ ಬಂದಿದ್ದ ಲೆಗ್ ಸ್ಪಿನ್ನರ್ ಕರ್ಣ್ ಶರ್ಮಾ 36ಕ್ಕೆ 3 ತೆಗೆದರು. ಸ್ಟಬ್ಸ್, ರಾಹುಲ್ ಇಬ್ಬರೂ ಅವರಿಗೇ ಬಿದ್ದರು. ಚೆಂಡು ಬದಲಾದ ಕೂಡಲೇ ಲೆಗ್ ಸ್ಪಿನ್ ತನ್ನಿ ಅಂತ ಡಗೌಟ್‌ನಿಂದ ರೋಹಿತ್ ಕೈಸನ್ನೆ ಮಾಡಿದ್ದು ಟಿವಿಯಲ್ಲೇ ಕಂಡಿತು. 12 ರನ್‌ನಿಂದ ಗೆದ್ದೆವು. ಈಗ ಕರ್ಣ್ ರಿಲೀಸ್ ಆಗಿದ್ದಾರೆ, ಆ ಜಾಗಕ್ಕೇ ಮಾರ್ಕಂಡೆ ಬಂದಿರೋದು.

ಚೆಂಡು ಬದಲಿಸೋ ಅವಕಾಶ ರಾತ್ರಿ ಪಂದ್ಯದ ಎರಡನೇ ಇನ್ನಿಂಗ್ಸ್‌ನಲ್ಲಿ 10ನೇ ಓವರ್ ಆದ ಮೇಲೆ, ಒಂದೇ ಸಲ. ನಮ್ಮ ತವರು ಮೈದಾನ ವಾಂಖೆಡೆಯಲ್ಲಿ ಇಬ್ಬನಿ ಬಿದ್ದಾಗ ಮಾರ್ಕಂಡೆಯ ಎರಡು ಓವರ್ ಆ ಒಣ ಚೆಂಡಿಗೇ ಕಾದಿಡಬೇಕು. ಒದ್ದೆ ಚೆಂಡಲ್ಲಿ ಗೂಗ್ಲಿ ಹಿಡಿತಕ್ಕೆ ಸಿಗೋದಿಲ್ಲ, ಜಾರಿ ಫುಲ್‌ಟಾಸ್ ಆಗುತ್ತೆ. ಲೆಗ್ ಸ್ಪಿನ್ನರ್‌ಗಳು ವಾಂಖೆಡೆಯಲ್ಲಿ ಹೊಡೆಸಿಕೊಳ್ಳೋದು ಹೆಚ್ಚಾಗಿ ಹೀಗೇ.


ಮುಲುಂದ್_ಆಫ್‌ಬ್ರೇಕ್

ಯೋಜನೆ ಚೆನ್ನಾಗಿದೆ, ಆದರೆ ಎರಡು ಕಡೆ ತೊಡಕಿದೆ.

ಮೊದಲನೆಯದು ರೋಹಿತ್. 2025ರಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಅವರೇ ಇಂಪ್ಯಾಕ್ಟ್ ಆಗಿದ್ದರು, ಬ್ಯಾಟಿಂಗ್ ಮಾತ್ರ. ನಿಮ್ಮ ಜೋಡಿ ಬಳಸಿದರೆ ರೋಹಿತ್ ಏಪ್ರಿಲ್–ಮೇ ಸೆಕೆಯಲ್ಲಿ 20 ಓವರ್ ಫೀಲ್ಡಿಂಗ್ ಮಾಡಲೇಬೇಕು. ಅಕ್ಟೋಬರ್‌ನಲ್ಲಿ ಸಿಡ್ನಿಯಲ್ಲಿ ಔಟಾಗದೆ 121 ಹೊಡೆದು ಸರಣಿ ಶ್ರೇಷ್ಠರಾದಾಗ ಕಂಡ ರೋಹಿತ್ ಬಹಳ ತೆಳ್ಳಗಾಗಿದ್ದರು, ಚುರುಕಾಗಿದ್ದರು. ಹಾಗಾಗಿ ಸಾಧ್ಯ ಅಂತಲೇ ನನ್ನ ನಂಬಿಕೆ. ಆದರೆ ತಂಡ ಒಪ್ಪಬೇಕಲ್ಲ.

ಎರಡನೆಯದು ಮುಖ್ಯ. ಅಹಮದಾಬಾದ್‌ನಲ್ಲಿ ಸ್ಯಾಂಟ್ನರ್‌ಗೆ ಎರಡೇ ಓವರ್ ಕೊಟ್ಟದ್ದು ಯಾಕೆ? ಕ್ರೀಸ್‌ನಲ್ಲಿ ಎಡಗೈ ನೇಹಲ್ ವಧೇರಾ ಇದ್ದರು, 29 ಎಸೆತದಲ್ಲಿ 48 ಹೊಡೆದರು. ಎಡಗೈ ಸ್ಪಿನ್ನರ್‌ನ ಚೆಂಡು ಎಡಗೈ ಬ್ಯಾಟರ್‌ನ ಒಳಕ್ಕೆ ತಿರುಗುತ್ತೆ, ಮಿಡ್‌ವಿಕೆಟ್ ಮೇಲೆ ಎತ್ತಿ ಹೊಡೆಯೋದು ಸಲೀಸು. ಲೆಗ್ ಸ್ಪಿನ್ನರ್‌ದೂ ಅದೇ ದಿಕ್ಕು, ಗೂಗ್ಲಿ ಒಂದೇ ಹೊರಕ್ಕೆ ಹೋಗೋದು. ಅಂದರೆ ಸ್ಯಾಂಟ್ನರ್ ಜೊತೆ ಮಾರ್ಕಂಡೆ ಹಾಕಿದರೂ ಎಡಗೈ ಬ್ಯಾಟರ್ ವಿರುದ್ಧದ ಕೊರತೆ ಹಾಗೇ ಉಳಿಯುತ್ತೆ. ಅವತ್ತು ಬೇಕಿದ್ದದ್ದು ಆಫ್ ಸ್ಪಿನ್. ವಿಲ್ ಜಾಕ್ಸ್ ಪ್ಲೇಆಫ್‌ಗೆ ಮೊದಲೇ ಇಂಗ್ಲೆಂಡ್ ತಂಡ ಸೇರಲು ಹೋಗಿದ್ದರು, ಬದಲಿಗೆ ಬಂದ ಬೇರ್‌ಸ್ಟೋ ಬೌಲಿಂಗ್ ಮಾಡೋದಿಲ್ಲ. ಏಪ್ರಿಲ್ 17ಕ್ಕೆ ವಾಂಖೆಡೆಯಲ್ಲಿ ಹೈದರಾಬಾದ್ ವಿರುದ್ಧ ಇದೇ ಜಾಕ್ಸ್ 3 ಓವರ್‌ನಲ್ಲಿ 14 ರನ್‌ಗೆ 2 ವಿಕೆಟ್ ತೆಗೆದಿದ್ದರು. ಔಟಾದವರು ಇಶಾನ್ ಕಿಶನ್ ಮತ್ತು ಟ್ರಾವಿಸ್ ಹೆಡ್, ಇಬ್ಬರೂ ಎಡಗೈ. ಬ್ಯಾಟಿಂಗ್‌ನಲ್ಲಿ 36 ಸೇರಿಸಿ ಪಂದ್ಯಶ್ರೇಷ್ಠ.

ಅದಕ್ಕೇ ಎದುರಾಳಿ ನೋಡಿ ಆಡಿಸಬೇಕು. ಹೈದರಾಬಾದ್‌ನಂತೆ ಮೇಲಿನ ಕ್ರಮಾಂಕದಲ್ಲಿ ಎಡಗೈಯವರೇ ತುಂಬಿದ್ದರೆ ರುದರ್‌ಫೋರ್ಡ್ ಬೇಡ, ಜಾಕ್ಸ್ ಇರಲಿ. ಬಲಗೈಯವರು ಹೆಚ್ಚಿದ್ದರೆ ನಾರ್ತ್_ಸ್ಟ್ಯಾಂಡ್ ಅವರ ಪಟ್ಟಿ. ಘಜನ್‌ಫರ್ ಪೂರ್ತಿ ಗುಣವಾಗಿದ್ದರೆ ಅವರೂ ಆಫ್ ಸ್ಪಿನ್ ದಿಕ್ಕಿನವರೇ. ಬೆನ್ನೆಲುಬಿನ ಗಾಯದಿಂದ 2025 ಪೂರ್ತಿ ತಪ್ಪಿತ್ತು. ಮುಜೀಬ್‌ನ ಬಿಟ್ಟು ಇವರನ್ನು ಉಳಿಸಿಕೊಂಡದ್ದು ನನಗೆ ಇಷ್ಟವಾಯ್ತು. ಆದರೆ ಅವರು ಆಡಬೇಕಂದರೆ ಸ್ಯಾಂಟ್ನರ್ ಕೂರಬೇಕು, ಆಗ ಬ್ಯಾಟಿಂಗ್ ಏಳಕ್ಕೇ ಮುಗಿಯುತ್ತೆ.


ಗೋರೆಗಾಂವ್_ಹೊಸಚೆಂಡು

ಓವರ್ ಹಂಚಿಕೆಯನ್ನೇ ನೋಡಿ. ಅದರಲ್ಲಿ ಚಾಹರ್‌ಗೆ ಎರಡೇ ಓವರ್. 9.25 ಕೋಟಿಗೆ ಎರಡು ಓವರ್! 2025ರಲ್ಲಿ 14 ಪಂದ್ಯಕ್ಕೆ 11 ವಿಕೆಟ್, ಪ್ಲೇಆಫ್‌ಗೆ ಗಾಯ. ನವೆಂಬರ್‌ನಲ್ಲಿ ಅವರನ್ನು ರಿಲೀಸ್ ಮಾಡಿದ್ದರೆ ಪರ್ಸ್ 2.75ರಿಂದ 12 ಕೋಟಿಗೆ ಏರುತ್ತಿತ್ತು. ರವಿ ಬಿಷ್ಣೋಯಿ 7.20ಕ್ಕೆ ರಾಜಸ್ಥಾನಕ್ಕೆ ಹೋದರು, ರಾಹುಲ್ ಚಾಹರ್ 5.20ಕ್ಕೆ ಚೆನ್ನೈಗೆ. ಇಬ್ಬರೂ ನಮ್ಮ ಕೈಗೆಟುಕುವ ಬೆಲೆ. ದೀಪಕ್ ಚಾಹರ್ ಮಾಡೋ ಹೊಸ ಚೆಂಡಿನ ಕೆಲಸವನ್ನು 2 ಕೋಟಿಯ ಶಾರ್ದೂಲ್ ಮಾಡಬಲ್ಲರು, ಬ್ಯಾಟಿಂಗೂ ಬರುತ್ತೆ. ಪಾಲ್ಘರ್‌ನಿಂದ ಲೋಕಲ್ ಹಿಡಿದು ಕಿಟ್ ಹೊತ್ತು ಬಂದು ಆಡಿ ಬೆಳೆದ ಆಟಗಾರ, 2025–26ರ ಮುಂಬೈ ರಣಜಿ ನಾಯಕ. ವಾಂಖೆಡೆಯ ಕೆಂಪು ಮಣ್ಣಿನ ಪಿಚ್ ಹೇಗೆ ನಡೆದುಕೊಳ್ಳುತ್ತೆ ಅಂತ ಅವರಿಗೆ ಹೇಳಿಕೊಡಬೇಕಿಲ್ಲ.


ಮಾಟುಂಗಾ_ಲೆಕ್ಕಿಗ

ಹೊಸಚೆಂಡು ಅವರೇ, 12 ಕೋಟಿಯ ಲೆಕ್ಕ ಸರಿ. ಆದರೆ ನಾವು ಆ ದುಡ್ಡು ಹಿಡಿದು ಕೂತಿದ್ದರೆ ಬಿಷ್ಣೋಯಿ 7.20ಕ್ಕೇ ನಿಲ್ಲುತ್ತಿದ್ದರಾ? ಬಿಡ್ ಮಾಡೋ ಇನ್ನೊಂದು ಕೈ ಮೇಲೆದ್ದರೆ ಬೆಲೆಯೂ ಮೇಲೇಳುತ್ತೆ. ಭಾರತದ ಸ್ವಿಂಗ್ ಬೌಲರ್‌ಗೆ ಮಾರುಕಟ್ಟೆಯಲ್ಲಿ ಏನು ಬೆಲೆ ಅನ್ನೋದಕ್ಕೆ ಜಮ್ಮು–ಕಾಶ್ಮೀರದ ಆಕಿಬ್ ನಬಿಯೇ ಸಾಕ್ಷಿ. ಐಪಿಎಲ್‌ನಲ್ಲಿ ಒಂದೂ ಪಂದ್ಯ ಆಡದವರು 8.40 ಕೋಟಿಗೆ ಡೆಲ್ಲಿಗೆ ಹೋದರು. ಆ ಮಾರುಕಟ್ಟೆಯಲ್ಲಿ ಪಳಗಿದ ಚಾಹರ್‌ಗೆ 9.25 ಅತಿಯಾಯ್ತು ಅನ್ನಲಾರೆ.

ಶಾರ್ದೂಲ್ ವಿಕೆಟ್ ತೆಗೆಯುತ್ತಾರೆ, 2025ರಲ್ಲಿ ಲಖನೌಗೆ 10 ಪಂದ್ಯದಲ್ಲಿ 13. ಆದರೆ ರನ್ ಧಾರಾಳವಾಗಿ ಹೋಗುತ್ತೆ. ಅವರನ್ನು ಚಾಹರ್‌ಗೆ ಬದಲಿ ಅಂತ ಇಟ್ಟುಕೊಳ್ಳೋದು ಸರಿ. ಚಾಹರ್ ಇದ್ದಾಗಲೂ ಬೌಲಿಂಗ್ ಭಾರ ಹೊರಿಸಿದರೆ ಕಷ್ಟ.


ನಾರ್ತ್_ಸ್ಟ್ಯಾಂಡ್

ಚಾಹರ್‌ನ ಎರಡು ಓವರ್ ಯಾವ ಎರಡು ಅನ್ನೋದನ್ನೂ ನೋಡಬೇಕು. ಒಂದನೇ ಮತ್ತು ಮೂರನೇ ಓವರ್. ಮೊದಲ ಓವರ್‌ನಲ್ಲೇ ಎದುರಾಳಿಯ ಒಬ್ಬ ಓಪನರ್ ಹೋದರೆ ಮಾರ್ಕಂಡೆಗೆ ಏಳನೇ ಓವರ್‌ನಲ್ಲಿ ಹೊಸ ಬ್ಯಾಟರ್ ಸಿಗ್ತಾನೆ. ಬೋಲ್ಟ್ ಒಬ್ಬರ ಮೇಲೇ ಆ ಭಾರ ಹಾಕಬಾರದು, ಜುಲೈಗೆ 37 ತುಂಬುತ್ತೆ ಅವರಿಗೆ.

ನನಗೆ ಭಯ ಇರೋದು ಡೆತ್ ಓವರ್‌ಗೆ (ಕೊನೆಯ ನಾಲ್ಕು ಓವರ್). ಬೂಮ್ರಾ 17 ಮತ್ತು 19 ಹಾಕಿದರೆ 18, 20 ಯಾರದ್ದು? ಅಹಮದಾಬಾದ್‌ನಲ್ಲಿ ಬೂಮ್ರಾ ಓವರ್ ಮೊದಲೇ ಮುಗಿದಿತ್ತು. 19ನೇ ಓವರ್ ಅಶ್ವನಿ ಕೈಗೆ ಬಂತು, ಅಯ್ಯರ್ ನಾಲ್ಕು ಸಿಕ್ಸರ್ ಎತ್ತಿದರು. ಅಶ್ವನಿಯ ಮೇಲೆ ತಪ್ಪು ಹೊರಿಸಲಾರೆ. ಮಾರ್ಚ್ 31ಕ್ಕೆ ಕೋಲ್ಕತ್ತದ ವಿರುದ್ಧ ಮೊದಲ ಪಂದ್ಯದಲ್ಲೇ 24ಕ್ಕೆ 4 ತೆಗೆದ ಹುಡುಗ. ಆ ಓವರ್ ಅವನಿಗೆ ಬರುವ ಹಾಗೆ ಆದದ್ದೇ ಯೋಜನೆಯ ತಪ್ಪು. ಮಧ್ಯದಲ್ಲಿ ಸ್ಪಿನ್ ಎಂಟು ಓವರ್ ನುಂಗಿದರೆ ಮಾತ್ರ ಬೂಮ್ರಾ, ಬೋಲ್ಟ್ ಕೊನೆಗೆ ಉಳಿಯುತ್ತಾರೆ. ಮಧ್ಯ ಸೋರಿದರೆ ಬೂಮ್ರಾನನ್ನು 13, 15ಕ್ಕೇ ಕರೀಬೇಕಾಗುತ್ತೆ, ಅಲ್ಲಿಗೆ ಕೊನೆಯೂ ಕೈಬಿಟ್ಟ ಹಾಗೆಯೇ.


ಡೊಂಬಿವಲಿ_ಈಸ್ಟ್

ತುಂಬಾ ಉಪಯೋಗವಾಯ್ತು ಎಲ್ಲರಿಂದಲೂ. ಕೀಪರ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ಡಿ ಕಾಕ್, ರಿಕಲ್ಟನ್ ಇಬ್ಬರೂ ದಕ್ಷಿಣ ಆಫ್ರಿಕದವರು, ಇಬ್ಬರೂ ಎಡಗೈ ಓಪನರ್, ಇಬ್ಬರೂ ಕೀಪರ್. ಒಬ್ಬರೇ ತಾನೇ ಆಡೋದು? ನಮ್ಮ ಕರ್ನಾಟಕದ ಕೆ. ಎಲ್. ಶ್ರೀಜಿತ್‌ನ ಯಾಕೆ ಬಿಟ್ಟರು?


ಪುಣೆ_ಧಾರವಾಡ

ಶ್ರೀಜಿತ್ ವಿಷಯದಲ್ಲಿ ನನಗೂ ಬೇಸರ ಐತ್ರಿ. ಹೋದ ವರ್ಷ ವಿಜಯ್ ಹಜಾರೆ ಟ್ರೋಫಿಯೊಳಗ ಮುಂಬೈ ವಿರುದ್ಧವೇ 383ರ ಬೆನ್ನಟ್ಟಿ ಔಟಾಗದೆ 150 ಹೊಡೆದು ಕರ್ನಾಟಕಕ್ಕ ಗೆಲ್ಲಿಸಿಕೊಟ್ಟ ಹುಡುಗ. 30 ಲಕ್ಷಕ್ಕ ತಗೊಂಡು ಒಂದೂ ಪಂದ್ಯ ಆಡಿಸಲಿಲ್ಲ. ಕನ್ನಡದ ಹುಡುಗ ಅಂತ ಅಭಿಮಾನಕ್ಕ ಹೇಳಾಕತ್ತಿಲ್ಲ, ತಂಡದ ಲೆಕ್ಕದೊಳಗೂ ಅದು ನಷ್ಟನ. ಭಾರತದ ಕೀಪರ್ ಆಡಿದ್ರ ವಿದೇಶಿಯರ ಒಂದು ಜಾಗ ಬಿಡುವಾಗತದ. ಸ್ಯಾಂಟ್ನರ್, ಬೋಲ್ಟ್, ಜಾಕ್ಸ್, ರುದರ್‌ಫೋರ್ಡ್ ನಾಲ್ಕೂ ಮಂದಿ ಒಟ್ಟಿಗೆ ಆಡಬಹುದು, ಜಾಕ್ಸ್–ರುದರ್‌ಫೋರ್ಡ್ ಜಗಳವೇ ಇರೂದಿಲ್ಲ. ಈಗ ಆ ಕೆಲಸಕ್ಕ ಉಳಿದಾವ ರಾಬಿನ್ ಮಿಂಜ್ ಒಬ್ಬನ. 2025ರಾಗ ಎರಡೇ ಪಂದ್ಯ ಕೊಟ್ಟರು. ನಾಳೆ ಇಲ್ಲೇ ಗಹುಂಜೆಯೊಳಗ ಮುಷ್ತಾಕ್ ಅಲಿ ಟಿ20 ಟ್ರೋಫಿ ಫೈನಲ್, ಜಾರ್ಖಂಡ್–ಹರಿಯಾಣ. ಮಿಂಜ್ ಜಾರ್ಖಂಡ್ ತಂಡದಾಗ ಅದಾನ, ಪುಣೆಯವರು ಯಾರಾದರೂ ಹೋಗ್ತಿದ್ರ ಅವನ ಬ್ಯಾಟಿಂಗ್ ಮ್ಯಾಲೆ ಕಣ್ಣಿಡ್ರಿ.

ಡಿ ಕಾಕ್, ರಿಕಲ್ಟನ್ ಇಬ್ಬರೊಳಗ ನನ್ನ ಮತ ಡಿ ಕಾಕ್‌ಗೆ. 2019ರಾಗ ನಮಗ 529 ರನ್, 2020ರಾಗ 503, ಎರಡೂ ವರ್ಷ ಕಪ್ ನಮ್ಮದು. ಇವತ್ತಿಗೆ 33 ತುಂಬಿದ್ದು ಖರೆ, ಆದರ ಇದೇ ತಿಂಗಳು ವಿಶಾಖಪಟ್ಟಣದೊಳಗ ನಮ್ಮ ದೇಶದ ವಿರುದ್ಧ 106, ಮುಲ್ಲಾನ್‌ಪುರದೊಳಗ ಟಿ20ಯಾಗ 46 ಎಸೆತಕ್ಕ 90.


ಮುಲುಂದ್_ಆಫ್‌ಬ್ರೇಕ್

ನನ್ನ ಮತ ರಿಕಲ್ಟನ್‌ಗೆ. 2025ರಲ್ಲಿ ಮೂರು ಅರ್ಧಶತಕ ಸೇರಿ 388 ರನ್. ಅದೇ ವರ್ಷ ಡಿ ಕಾಕ್ ಕೋಲ್ಕತ್ತಕ್ಕೆ 8 ಪಂದ್ಯದಲ್ಲಿ 152, ಅದರಲ್ಲಿ 97 ಗುವಾಹಟಿಯ ಒಂದೇ ಇನ್ನಿಂಗ್ಸ್‌ನದ್ದು. ಡಿ ಕಾಕ್ ಈಗ ಲಯದಲ್ಲಿದ್ದಾರೆ ಅನ್ನೋದು ಒಪ್ಪಿದೆ, ಆದರೆ ಐಪಿಎಲ್ ಇರೋದು ಮೂರು ತಿಂಗಳ ಆಚೆ. 1 ಕೋಟಿಗೆ ಇಂಥ ಬದಲಿ ಓಪನರ್ ಬೆಂಚ್‌ನಲ್ಲಿ ಇರೋದೇ ಬಲ. ಪ್ಲೇಆಫ್ ಹೊತ್ತಿಗೆ ರಿಕಲ್ಟನ್ ಕೂಡ ರಾಷ್ಟ್ರೀಯ ತಂಡಕ್ಕೆ ಹೋಗಿಬಿಟ್ಟಿದ್ದರು ಅನ್ನೋದು ಮರೀಬಾರದು.

ಉಳಿದ ಹುಡುಗರಲ್ಲಿ ಮಾಲೇವಾರ್ ಮೇಲೆ ನನಗೆ ನಂಬಿಕೆ: ಕೇರಳದ ವಿರುದ್ಧದ ರಣಜಿ ಫೈನಲ್‌ನಲ್ಲಿ ವಿದರ್ಭಕ್ಕೆ 153 ಮತ್ತು 73, ದುಲೀಪ್ ಟ್ರೋಫಿಯಲ್ಲಿ 203. ಟಿ20 ವೇಗ ಬರಬೇಕು, ಅಷ್ಟೆ. ಅಂಕೋಲೇಕರ್ ಮುಂಬೈಯದೇ ಎಡಗೈ ಸ್ಪಿನ್ನರ್, ಬೆಸ್ಟ್ (ಮುಂಬೈ ನಗರ ಸಾರಿಗೆ) ಬಸ್ ಕಂಡಕ್ಟರ್ ಆದ ತಾಯಿ ಬೆಳೆಸಿದ ಹುಡುಗ. 2019ರ 19 ವರ್ಷದೊಳಗಿನವರ ಏಷ್ಯಾ ಕಪ್ ಫೈನಲ್‌ನಲ್ಲಿ ಬಾಂಗ್ಲಾದ ವಿರುದ್ಧ 28ಕ್ಕೆ 5. ಸ್ಯಾಂಟ್ನರ್‌ಗೆ ಪೆಟ್ಟಾದರೆ ಅದೇ ಕೋನದಲ್ಲಿ ಎಸೆಯುವ ಭಾರತೀಯ ಸಿಕ್ಕ ಹಾಗಾಯ್ತು.


ಮಾಟುಂಗಾ_ಲೆಕ್ಕಿಗ

ಇನ್ನು ಮುಂದೆ ಏನು ಸಾಧ್ಯ ಅಂದರೆ, ಟ್ರೇಡ್ ಬಾಗಿಲು ಹರಾಜಿನ ನಂತರ ಮತ್ತೆ ತೆರೆಯುತ್ತೆ, ಸೀಸನ್ ಶುರುವಾಗಲು 30 ದಿನ ಇರುವವರೆಗೆ. ನಿನ್ನೆ ಕೊಂಡವರನ್ನು ಟ್ರೇಡ್ ಮಾಡುವಂತಿಲ್ಲ; ಉಳಿದವರನ್ನು ಮಾಡಬಹುದು. ನಮ್ಮ 25 ತುಂಬಿರೋದರಿಂದ ಒಬ್ಬರು ಬರಬೇಕಾದರೆ ಒಬ್ಬರು ಹೋಗಲೇಬೇಕು, ಬೆಲೆಯ ವ್ಯತ್ಯಾಸ 55 ಲಕ್ಷದೊಳಗೆ ಇರಬೇಕು. ವಿದೇಶಿ ಬೇಕಾದರೆ ವಿದೇಶಿಯನ್ನೇ ಬಿಡಬೇಕು. ನನ್ನ ಕೈಯಲ್ಲಿದ್ದಿದ್ದರೆ ಬಾಷ್‌ನ ಕೊಟ್ಟು ಭಾರತೀಯ ಕೀಪರ್ ಒಬ್ಬರನ್ನು ಕೇಳ್ತಿದ್ದೆ. ಗಾಯಾಳುಗಳಿಗೆ ಬದಲಿ ತಗೊಳ್ಳೋದು ಬೇರೆ ದಾರಿ: 2025ರಲ್ಲಿ ಆ ಗಡುವನ್ನು ತಂಡದ 12ನೇ ಲೀಗ್ ಪಂದ್ಯದವರೆಗೆ ವಿಸ್ತರಿಸಿದ್ದರು, ಬದಲಿಯವರ ಸಂಬಳ ಗಾಯಾಳುವಿನ ಬೆಲೆ ಮೀರುವಂತಿಲ್ಲ. ಮಾರ್ಕಂಡೆಗೆ ಪೆಟ್ಟಾದರೆ 30 ಲಕ್ಷಕ್ಕೆ ಸಿಗುವ ಲೆಗ್ ಸ್ಪಿನ್ನರ್‌ನೇ ಹುಡುಕಬೇಕು ಅಂತಾಯ್ತು. ಹಾಗಾಗಿ ರಘು ಶರ್ಮಾಗೆ ಈಗಿನಿಂದಲೇ ನೆಟ್ಸ್‌ನಲ್ಲಿ ಒದ್ದೆ ಚೆಂಡು ಕೊಟ್ಟು ಅಭ್ಯಾಸ ಮಾಡಿಸಲಿ.